ಬೇವಿನ ಮೇಲಿನ ಬದನಿಕೆ

ಬೆಳಗಿನ ವಾಕಿಂಗ್ ಹೋಗುವವರು ರಸ್ತೆಬದಿಯ ಬೇವಿನ ಮರಗಳನ್ನು ಒಮ್ಮೆ ಕತ್ತೆತ್ತಿ ನೋಡಿ. ಗರಗಸದಂಚಿನ ಬೇವಿನೆಲೆಗಳ ನಡುವೆ ದಪ್ಪನೆಯ, ನುಣುಪಂಚಿನ ಎಲೆಗಳ ಗೊಂಚಲು ಕಂಡರೆ ಅದು ಬದನಿಕೆ. ಅದರ ಹಣ್ಣು ತಿಂದ ಬದನಿಕೆ ಹಕ್ಕಿ ಅಂಟುಬೀಜವನ್ನು ಕೊಂಬೆಗೆ ಒರೆಸುತ್ತದೆ. ಮೊಳೆತ ಬೀಜ ತೊಗಟೆಯೊಳಗೆ ಇಳಿದು, ಬೇವು ನೆಲದಾಳದಿಂದ ಮೇಲೆತ್ತಿದ ನೀರು, ಲವಣಗಳನ್ನು ಹೀರುತ್ತದೆ. ಹಸಿರೆಲೆ ಇರುವುದರಿಂದ ಸಕ್ಕರೆಯನ್ನು ಮಾತ್ರ ಬಿಸಿಲಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಶ್ರೀಗಂಧವೂ ನೆರೆಗಿಡದ ಬೇರಿಗೆ ಬಾಯಿಟ್ಟೇ ಬೆಳೆಯುವುದು.

ಹೊಲದ ಶೇಂಗಾ ಬೇರೆ ದಾರಿ ಹಿಡಿದಿದೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಕ್ಕೆ ಅದು ಸಕ್ಕರೆ ಕೊಡುತ್ತದೆ. ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಿ ಕೊಡುತ್ತದೆ. ಈ ಕೊಡುಕೊಳ್ಳುವ ಬಾಳು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬದನಿಕೆಯದು ಹಾಗಲ್ಲ; ಅದು ಹೆಚ್ಚಾದರೆ ಬೇವು ಸೊರಗುತ್ತದೆ. ನಿಮ್ಮ ಅಂಗಳದ ಮರದಲ್ಲಿದ್ದರೆ, ಹಣ್ಣು ಬಿಡುವ ಮುನ್ನವೇ ಕೊಂಬೆ ಸಮೇತ ಕತ್ತರಿಸಿ ತೆಗೆಸಿ.