ಎಂಜಿನ್ ಬಿಚ್ಚುವ ಮೊದಲು



ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ನಮ್ಮ ಅಕ್ಕನ ಮನೆಯಿದೆ. ಲಕ್ಷ್ಮಣತೀರ್ಥ ನದಿಯ ಅಣೆಕಟ್ಟೆ ಇರುವ ಊರು ಅದು. ಆ ಮನೆಯ ಕೊಟ್ಟಿಗೆಯಲ್ಲಿ 1978ರ ಅಂಬಾಸಡರ್ ಕಾರೊಂದು ಬಹಳ ವರ್ಷ ಕೆಟ್ಟು ನಿಂತಿತ್ತು. ಭಾವನವರ ತಂದೆ ಕೊಂಡ ಕಾರು. ಯಾರಿಗೆ ಹೆರಿಗೆ ನೋವು ಬರಲಿ, ಯಾರಿಗೆ ಹಾವು ಕಚ್ಚಲಿ, ಆಸ್ಪತ್ರೆಗೆ ಹೊರಡುತ್ತಿದ್ದುದು ಅದೇ ಕಾರು. ಭಾವನವರು ಎರಡು ವರ್ಷ ದುಡ್ಡು ಕೂಡಿಸಿ ಅದಕ್ಕೆ ಮತ್ತೆ ಜೀವ ತುಂಬಿಸಿದರು. ಆದರೆ ಮೊದಲ ದಿನವೇ ಹುಣಸೂರಿನ ರಸ್ತೆಯಲ್ಲಿ ಕಾರು ಗಡಗಡನೆ ಅದುರಿತು.

ನಾನು ಹೋದಾಗ ಭಾವನವರು ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. "ಕ್ರ್ಯಾಂಕ್ ಶಾಫ್ಟೇ ಸರಿಯಿಲ್ಲವಂತೆ ಕಣಪ್ಪಾ. ಎಂಜಿನ್ ಮತ್ತೆ ಬಿಚ್ಚಬೇಕಂತೆ. ಇನ್ನು ನನ್ನ ಕೈಲಾಗಲ್ಲ. ಭಾನುವಾರ ಗುಜರಿಯವನು ಬರ್ತಾನೆ" ಎಂದರು.

ನಾನು ಮೆಕ್ಯಾನಿಕ್ ಅಲ್ಲ. ಬಿ.ಎಸ್‌ಸಿ. ಓದಿ ಟಿ.ವಿ. ಕೆಲಸಕ್ಕೆ ಸೇರಿದವನು. ಆದರೂ ದ್ವಿತೀಯ ಪಿ.ಯು. ಓದುತ್ತಿದ್ದ ಅಕ್ಕನ ಮಗಳು ಬಿಡಲಿಲ್ಲ. "ಮಾವ, ಬಿಚ್ಚದೇನೇ ಕಂಡುಹಿಡಿಯೋಕೆ ಆಗಲ್ವಾ?" ಎಂದಳು. ಊರಿನ ಹಿರಿಯ ಮೆಕ್ಯಾನಿಕ್ಕರೊಬ್ಬರನ್ನು ಕರೆಸಿದೆವು. ಆ ಮಧ್ಯಾಹ್ನ ನಡೆದದ್ದನ್ನೇ ಇಂದು ನಿಮಗೆ ಹೇಳುತ್ತೇನೆ.

ಅಂಬಾಸಡರ್ ಕಾರನ್ನು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸುತ್ತಿತ್ತು. 2014ರಲ್ಲಿ ತಯಾರಿಕೆ ನಿಂತಿತು. ನಮ್ಮ ಕಾರಿನದು 1489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇಂಥ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಎರಡು ಕೆಳಗಿಳಿಯುತ್ತವೆ. ಹೀಗಾಗಿ ಬಹುಪಾಲು ಬಲಗಳು ಪರಸ್ಪರ ಸರಿದೂಗುತ್ತವೆ. ಪೂರ್ತಿ ಅಲ್ಲ, ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಬಾರಿ ಬರುವ ಸಣ್ಣ ಕಂಪನವೊಂದು ಉಳಿದೇ ಇರುತ್ತದೆ. ಅದನ್ನು ನುಂಗುವುದು ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್‌ಗಳ ಕೆಲಸ. ಆದ್ದರಿಂದ ಅದುರುವುದೆಲ್ಲವೂ ರೋಗವಲ್ಲ.

ಮೊದಲ ಪ್ರಶ್ನೆ: ಯಾವಾಗ ಅದುರುತ್ತದೆ? ಟಾಪ್ ಗೇರಿನಲ್ಲಿ ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಅದುರಾಟ ಜೋರಾಗುತ್ತಿತ್ತು. ಮೂರನೇ ಗೇರಿನಲ್ಲಿ ಸುಮಾರು 45ಕ್ಕೇ ಅದೇ ಅದುರಾಟ! ಚಕ್ರದ ದೋಷವಾಗಿದ್ದರೆ ಗೇರ್ ಯಾವುದಾದರೂ ಅದೇ 65ಕ್ಕೇ ಬರಬೇಕಿತ್ತು. ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿದಾಗಲೂ ಅದುರಿತು. ಅಲ್ಲಿಗೆ ಚಕ್ರ, ಪ್ರೊಪೆಲರ್ ಶಾಫ್ಟ್ ಎರಡೂ ನಿರಪರಾಧಿಗಳಾದವು. ದೋಷ ಎಂಜಿನ್ನಿನಲ್ಲೋ ಅದರೊಡನೆ ತಿರುಗುವ ಭಾಗಗಳಲ್ಲೋ ಇರಬೇಕು.

ಎರಡನೇ ಪ್ರಶ್ನೆ: ಅದರ ಲಯ ಯಾವುದು? ನಿಮಿಷಕ್ಕೆ 800 ಸುತ್ತಿನ ನಿಧಾನದ ಓಟದಲ್ಲಿ ಇಂಥ ಎಂಜಿನ್ ಸೆಕೆಂಡಿಗೆ ಸುಮಾರು 27 ಬಾರಿ ಉರಿಯುತ್ತದೆ. ಒಂದು ಸಿಲಿಂಡರ್ ಕೆಲಸ ಮಾಡದಿದ್ದರೆ ಸೆಕೆಂಡಿಗೆ ಸುಮಾರು 7 ಬಾರಿ ಕುಂಟುತ್ತದೆ. ನಿಂತ ಕಾರಿನ ಬಾನೆಟ್ ಮೇಲೆ ಕೈಯಿಟ್ಟರೆ ಗೊತ್ತಾಗುವಷ್ಟು ನಿಧಾನದ ಕುಂಟು ಅದು. ನಮ್ಮ ಕಾರು ಕುಂಟುತ್ತಿರಲಿಲ್ಲ. ಮೆಕ್ಯಾನಿಕ್ ಒಂದೊಂದೇ ಪ್ಲಗ್ಗಿನ ವೈರ್ ತೆಗೆದು ನೋಡಿದರು. ಪ್ರತಿ ಸಲವೂ ಎಂಜಿನ್ ಒಂದೇ ಸಮನೆ ಸೊರಗಿತು. ಅಂದರೆ ನಾಲ್ಕೂ ಸಿಲಿಂಡರ್ ಸಮನಾಗಿ ದುಡಿಯುತ್ತಿದ್ದವು. (ಆ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ನೀವು ಕೈ ಹಾಕಬೇಡಿ.)

ಮೂರನೆಯದು: ಒಂದೊಂದಾಗಿ ಬೇರ್ಪಡಿಸಿ ನೋಡುವುದು. ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟ್ ಕಳಚಿದೆವು. ನೀರಿನ ಪಂಪೂ ನಿಲ್ಲುವುದರಿಂದ ಒಂದು ನಿಮಿಷದೊಳಗೆ ಪರೀಕ್ಷೆ ಮುಗಿಸಬೇಕು. ಆಕ್ಸಿಲರೇಟರ್ ಒತ್ತಿದರೆ ಅದುರಾಟ ಮಾಯ! ಭಾವನವರು ಜಗಲಿಯಿಂದ ಎದ್ದು ಬಂದರು. ಇನ್ನು ಉಳಿದದ್ದು ಡೈನಮೊ, ಪಂಪು, ಫ್ಯಾನ್. ಫ್ಯಾನನ್ನಷ್ಟೇ ಬಿಚ್ಚಿ ಬೆಲ್ಟ್ ಮತ್ತೆ ಹಾಕಿದೆವು. ಆಗಲೂ ಅದುರಲಿಲ್ಲ.

ಅಕ್ಕನ ಮಗಳು ಫ್ಯಾನನ್ನು ತೆಳ್ಳನೆಯ ಕಂಬಿಗೆ ಪೋಣಿಸಿ ತಿರುಗಿಸಿದಳು. ಎಷ್ಟು ಸಲ ತಿರುಗಿಸಿದರೂ ಒಂದೇ ರೆಕ್ಕೆ ಕೆಳಗೆ ಬಂದು ನಿಲ್ಲುತ್ತಿತ್ತು. ಆ ರೆಕ್ಕೆ ಹಿಂದೆಂದೋ ಸೀಳಿತ್ತು. ಯಾರೋ ಪಟ್ಟಿ ಇಟ್ಟು ವೆಲ್ಡ್ ಮಾಡಿದ್ದರು. ಮೇಲೆ ಬಳಿದ ಹೊಸ ಬಣ್ಣದಲ್ಲಿ ಅದು ಮುಚ್ಚಿಹೋಗಿತ್ತು.

ಅಷ್ಟು ಚಿಕ್ಕ ಪಟ್ಟಿ ಅಷ್ಟು ದೊಡ್ಡ ಎಂಜಿನ್ನನ್ನು ಅಲುಗಿಸುವುದೇ? ಲೆಕ್ಕ ಹಾಕೋಣ. ಹೆಚ್ಚಿನ ತೂಕ 20 ಗ್ರಾಂ, ಅದು ಕೇಂದ್ರದಿಂದ 15 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಬಲವು ರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ ಇವುಗಳ ಗುಣಲಬ್ಧ. ನಿಮಿಷಕ್ಕೆ 800 ಸುತ್ತಿನಲ್ಲಿ ಅದು ಸುಮಾರು 2 ಕಿಲೋ ತೂಕದಷ್ಟು ಎಳೆಯುತ್ತದೆ. 2400 ಸುತ್ತಿನಲ್ಲಿ? ವೇಗ ಮೂರು ಪಟ್ಟು, ಬಲ ಒಂಬತ್ತು ಪಟ್ಟು: ಸುಮಾರು 19 ಕಿಲೋ! ಅದೂ ಸೆಕೆಂಡಿಗೆ 40 ಸಲ ದಿಕ್ಕು ಬದಲಿಸುತ್ತಾ. ನಿಧಾನವಾಗಿ ಓಡುವಾಗ ಸುಮ್ಮನಿದ್ದ ಕಾರು ವೇಗ ಹಿಡಿದಾಗ ಅದುರಿದ್ದರ ಗುಟ್ಟು ಇದೇ. ಮೊಳೆ ಓರೆಯಾದ ಬುಗುರಿ ಅಂಗೈ ಮೇಲೆ ಹೇಗೆ ಅದುರುತ್ತದೆಂದು ನಿಮಗೆ ಗೊತ್ತಲ್ಲವೇ?

ಆ ಫ್ಯಾನನ್ನು ಮತ್ತೆ ಹಾಕಲಿಲ್ಲ. ವೆಲ್ಡ್ ಬಿಟ್ಟು ರೆಕ್ಕೆ ಹಾರಿದರೆ ಪ್ರಾಣಕ್ಕೇ ಅಪಾಯ. ಭಾನುವಾರ ಗುಜರಿಯವನು ಬಂದ. ಅವನಿಗೆ ಕಾರು ಸಿಗಲಿಲ್ಲ. ಅವನಿಂದಲೇ ಇನ್ನೊಂದು ಅಂಬಾಸಡರಿನ ಫ್ಯಾನ್ ತರಿಸಿಕೊಂಡೆವು.

ಎಂಜಿನ್ ಬಿಚ್ಚಿ ಎಂದವರು ಸುಳ್ಳು ಹೇಳಿರಲಿಲ್ಲ. ಕ್ರ್ಯಾಂಕ್ ಶಾಫ್ಟ್ ಕೆಟ್ಟರೂ ಹೀಗೆಯೇ ಅದುರಬಹುದು. ಆದರೆ "ಇರಬಹುದು" ಎಂಬುದು ಉತ್ತರವಲ್ಲ, ಪರೀಕ್ಷಿಸಬೇಕಾದ ಪ್ರಶ್ನೆ. ಸುಲಭವಾದದ್ದನ್ನು ಮೊದಲು ನೋಡಿ, ಒಮ್ಮೆಗೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಡಿ. ನಿಮ್ಮ ಮನೆಯ ಪಂಪ್‌ಸೆಟ್ಟೋ ಮಿಕ್ಸಿಯೋ ಅದುರಿದಾಗ ದೊಡ್ಡವರ ಜೊತೆ ಕೂತು ಇದೇ ಮೂರು ಪ್ರಶ್ನೆ ಕೇಳಿ ನೋಡಿ.