ಕುಲುಮೆ ನಿಂತರೆ ನಷ್ಟ ಯಾರಿಗೆ?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮಗ್ಗ ನಿಂತರೆ ಮಾರನೆಯ ದಿನ ಬಿಟ್ಟ ಎಳೆಯಿಂದಲೇ ನೇಯಬಹುದು. ಗಾಜಿನ ಕುಲುಮೆ ಹಾಗಲ್ಲ. ಅದರಲ್ಲಿ ಮರಳು, ಸೋಡಾ, ಸುಣ್ಣದ ಕಲ್ಲು ಸುಮಾರು 1500 ಡಿಗ್ರಿ ಶಾಖದಲ್ಲಿ ಕರಗುತ್ತಿರುತ್ತವೆ. ದೊಡ್ಡ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಹತ್ತು ಹನ್ನೆರಡು ವರ್ಷ ಹಗಲಿರುಳೂ ಉರಿಸುತ್ತಾರೆ. ಆರಿತೋ, ಗಾಜು ಒಳಗೇ ಹೆಪ್ಪುಗಟ್ಟುತ್ತದೆ, ಇಟ್ಟಿಗೆ ಬಿರಿಯುತ್ತದೆ. ಮಾಲು ಹೊರಡದ ದಿನವೂ ಇಂಧನ ಸುಡಲೇಬೇಕು. ಈ ನಷ್ಟ ನಿಜ. ಮಾಲೀಕರು ಸುಳ್ಳಾಡುತ್ತಾರೆಂದು ನಾವು ಹೇಳುವುದಿಲ್ಲ.

2020ರ ಮಾರ್ಚ್ 24ರಂದು ದೇಶಕ್ಕೆ ಬೀಗ ಬಿದ್ದಾಗ, ಎಡೆಬಿಡದೆ ನಡೆಯಬೇಕಾದ ಕಾರ್ಖಾನೆಗಳಿಗೆ ರಾಜ್ಯದ ಅನುಮತಿಯ ಮೇಲೆ ವಿನಾಯಿತಿ ಸಿಕ್ಕಿತು. ಸರಿಯೇ. ಮುಚ್ಚಿದ ಕಾರ್ಖಾನೆಯವರೂ ಕಡಿತವಿಲ್ಲದೆ ಸಂಬಳ ಕೊಡಲಿ ಎಂದು ಮಾರ್ಚ್ 29ರಂದು ಆಜ್ಞೆಯಾಯಿತು. ಅದು ಎರಡು ತಿಂಗಳೂ ಬಾಳಲಿಲ್ಲ, ಮೇ 18ಕ್ಕೆ ರದ್ದು! ಅದಕ್ಕೂ ಹಿಂದೆ, ಲೇ-ಆಫ್ ಆದವನಿಗೆ ಅರ್ಧ ಸಂಬಳವೆಂದ 1953ರ ತಿದ್ದುಪಡಿ ಬದಲಿ ಕಾರ್ಮಿಕನನ್ನು ಹೊರಗೇ ನಿಲ್ಲಿಸಿತ್ತು.

ಕುಲುಮೆಯ ನಷ್ಟ ಮಾಲೀಕರ ಲೆಕ್ಕದ ಪುಸ್ತಕದಲ್ಲಿದೆ. ಕೂಲಿಯವನ ಮನೆಯ ಒಲೆ ಆರಿದ್ದು, ಅವನಿಗೆ ಉದ್ದರಿ ಕೊಟ್ಟ ಕಿರಾಣಿಯವನ ಬಾಕಿ ಯಾವ ಪುಸ್ತಕದಲ್ಲಿದೆ? ಕೆಲಸ ನಿಂತ ದಿನದ ಕೂಲಿಯನ್ನು ಇಂಧನದ ಖರ್ಚಿನ ಪಕ್ಕದಲ್ಲೇ ಬರೆಯಿರಿ, ಬದಲಿಯವನ ಹೆಸರು ಸೇರಿಸಿಯೇ ಬರೆಯಿರಿ ಎಂಬುದು ನಮ್ಮ ಬೇಡಿಕೆ.