ಗ್ರಂಥರಕ್ಷಣೆಯೂ ಗಣಕಯಂತ್ರದ ನೆನಪೂ
(ಮಹೋತ್ಸವದ ಗ್ರಂಥಗೋಷ್ಠಿಯಲ್ಲಿ ಮಾಡಿದ ಭಾಷಣ)



ಲಿಂಗಾಯತ ಮಠಗಳ ಭಂಡಾರದಲ್ಲಿ ಹೊನ್ನಿಗಿಂತ ಬೆಲೆಯುಳ್ಳ ವಸ್ತುವೆಂದರೆ ತಾಡವೋಲೆಯ ಕಟ್ಟುಗಳು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವುಂಟಾದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ಪರಂಪರೆಯ ಮಾತು. ಹದಿನೈದನೆಯ ಶತಮಾನದಲ್ಲಿ, ವಿಶೇಷವಾಗಿ ಪ್ರೌಢದೇವರಾಯನ ಕಾಲದಿಂದ ಮೊದಲುಗೊಂಡು, ವಿರಕ್ತರು ಅವನ್ನು ಸಂಗ್ರಹಿಸಿ ಸಂಕಲಿಸಿದರು. ಪ್ರತಿಮೇಲೆ ಪ್ರತಿ ತೆಗೆಯಲ್ಪಟ್ಟು ಅವು ಊರೂರಿಗೆ ಹರಡಿದವು. ಮುಂದೆ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ನಡೆಸುತ್ತ, ಮನೆಗಳ ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗಳನ್ನು ಅರಸಿ ಓದಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಹಲವು ಕಡೆ ಹಲವು ಪ್ರತಿಗಳು ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು. ಒಂದೇ ಪ್ರತಿ ಒಂದೇ ಊರಿನಲ್ಲಿದ್ದಿದ್ದರೆ ಒಂದು ಬೆಂಕಿ ಸಾಕಾಗಿತ್ತು. ಗೆದ್ದಲಂತೂ ಎಲ್ಲೆಲ್ಲಿಯೂ ಉಂಟು.

ಈಗ ಅನೇಕ ಕಡೆ ಓಲೆಗಳ ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ಇರಿಸುವ ಸ್ತುತ್ಯವಾದ ಕಾರ್ಯ ನಡೆದಿದೆ. ಆದರೆ ‘ಯಂತ್ರದಲ್ಲಿದೆ’ ಎಂಬ ಮಾತಿನೊಳಗೆ ಒಂದು ಅಪಾಯವು ಅಡಗಿದೆ.

ಯಂತ್ರಕ್ಕೆ ನೆನಪು ಎರಡು ಬಗೆ. ಹಾರ್ಡ್‌ಡಿಸ್ಕು ಮೊದಲಾದವುಗಳಲ್ಲಿರುವುದು ವಿದ್ಯುಚ್ಛಕ್ತಿಯಿಲ್ಲದೆಯೂ ನಿಲ್ಲತಕ್ಕದ್ದು. ಇನ್ನೊಂದು, ರ‍್ಯಾಮ್ ಎಂದು ಕರೆಯಲ್ಪಡುವ ಕೆಲಸದ ನೆನಪು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ವಿಜ್ಞಾನಿಗೆ ೧೯೬೮ರಲ್ಲಿ ಪೇಟೆಂಟು ದೊರೆತ ವಿಧಾನವೇ ಇಂದಿಗೂ ಇದಕ್ಕೆ ಆಧಾರ. ಅದರಲ್ಲಿ ಒಂದೊಂದು ಕಣ ಮಾಹಿತಿಯೂ ಅತಿಸೂಕ್ಷ್ಮವಾದ ಕೆಪ್ಯಾಸಿಟರಿನಲ್ಲಿ ವಿದ್ಯುದಂಶವಾಗಿ ನಿಲ್ಲುತ್ತದೆ. ಆ ಅಂಶವು ತೂತುಕೊಡದ ನೀರಿನಂತೆ ಸೋರುತ್ತಲೇ ಇರುವುದರಿಂದ, ಸಾಮಾನ್ಯವಾಗಿ ೬೪ ಮಿಲಿಸೆಕೆಂಡುಗಳಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಬಾರಿ, ಯಂತ್ರವು ಅದನ್ನು ಮತ್ತೆ ತುಂಬುತ್ತಿರಬೇಕು. ವಿದ್ಯುತ್ತು ನಿಂತಿತೆಂದರೆ ತುಂಬುವವರಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದಕ್ಷರವೂ ಉಳಿಯದು. ಬಾಯಿಪಾಠದ ಪುರಾಣವಾದರೂ ಶಿಷ್ಯನ ಬಾಯಿಗೆ ದಾಟಿ ಬದುಕುವುದುಂಟು. ಇದಕ್ಕೆ ಶಿಷ್ಯನೂ ಇಲ್ಲ.

ಇದಕ್ಕಾಗಿ ಯಂತ್ರವನ್ನು ಹಳಿಯುವುದು ಸರಿಯಲ್ಲ. ಬೇಗ ಬರೆದು ಬೇಗ ಅಳಿಸುವುದಕ್ಕೆಂದೇ ಅದನ್ನು ಮಾಡಿದೆ, ಹಿಂದಿನ ಮಠದ ಶಾಲೆಯ ಮರಳಿನಂತೆ. ಮೋಸವಾಗುವುದು ಬೇರೆ ಕಡೆಯಲ್ಲಿ. ರ‍್ಯಾಮಿನ ಒಂದು ಭಾಗವನ್ನೇ ಬೇರ್ಪಡಿಸಿ ಡಿಸ್ಕಿನಂತೆ ತೋರಿಸುವ ಏರ್ಪಾಡುಂಟು. ಕಡತಗಳ ಪಟ್ಟಿ ಕಾಣುತ್ತದೆ, ತೆರೆದರೆ ಓಲೆಯ ಚಿತ್ರವೂ ಕಾಣುತ್ತದೆ. ಕೆಲಸಗಾರನು ರಕ್ಷಣೆಯ ಪ್ರತಿಯನ್ನು ಅಲ್ಲಿಟ್ಟು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ರಾತ್ರಿ ದೀಪ ಹೋಗಿ, ಬ್ಯಾಟರಿಯೂ ಬರಿದಾದರೆ, ಬೆಳಗ್ಗೆ ಪಟ್ಟಿಯೇ ಇರುವುದಿಲ್ಲ. ನಿಜವಾದ ಡಿಸ್ಕಿಗೆ ಬರೆಯುವಾಗಲೂ ಯಂತ್ರವು ಮೊದಲು ರ‍್ಯಾಮಿನಲ್ಲಿ ಇರಿಸಿಕೊಂಡು, ‘ಆಯಿತು’ ಎಂದು ಹೇಳಿ, ಆಮೇಲೆ ಬರೆಯುವುದುಂಟು. ಆದುದರಿಂದಲೇ ಪೆನ್‌ಡ್ರೈವನ್ನು ಕ್ರಮವಾಗಿ ಬಿಡಿಸದೆ ಸೆಳೆದುಕೊಂಡವರಿಗೆ ಕೆಲವೊಮ್ಮೆ ಅರ್ಧ ಕಡತವೇ ದೊರೆಯುವುದು.

ಪೆನ್‌ಡ್ರೈವು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ನಿಲ್ಲುವುದಾದರೂ, ಅದೂ ಹಿಡಿದಿಡುವುದು ವಿದ್ಯುದಂಶವನ್ನೇ. ಅದೂ ಮೆಲ್ಲಮೆಲ್ಲನೆ ಸೋರುವುದು. ಈ ಮಹೋತ್ಸವದಲ್ಲಿ ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿ ಮುಂದಿನ ಮಹೋತ್ಸವದಲ್ಲಿ ತೆರೆಯುವೆವೆಂಬ ಭರವಸೆ ಸಲ್ಲದು.

ಬಲ್ಲವರು ಹೇಳುವ ಕ್ರಮವು ಸರಳವಾದುದು: ಪ್ರತಿಗಳು ಮೂರು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಪ್ರತಿಗಳು ಮಠದಿಂದ ಮಠಕ್ಕೆ ಹೋದ ಕಾಲದಲ್ಲಿ ಹೆಸರಿಲ್ಲದೆಯೇ ನಡೆದುದು ಇದೇ ಕ್ರಮ. ಒಂದೇ ಯಂತ್ರದಲ್ಲಿ ಎರಡು ಹೆಸರಿನಿಂದ ಇಟ್ಟ ಕಡತಗಳು ಎರಡು ಪ್ರತಿಗಳೆನಿಸಲಾರವು.

ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಮೂಲದ ಓಲೆಯನ್ನು ಪಕ್ಕದಲ್ಲಿಟ್ಟು, ಸಾಲುಸಾಲಾಗಿ ಹೋಲಿಸಿ ನೋಡುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಛಾಯಾಚಿತ್ರವಾಯಿತೆಂದು ಓಲೆಯನ್ನು ಅಲಕ್ಷಿಸುವುದೂ ಕೂಡದು. ಧೂಳು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ನೆರಳಿನಲ್ಲಿ ಗಾಳಿಗೆ ಹರಡುವ ದಿನವನ್ನು ವರ್ಷಕ್ಕೊಮ್ಮೆ ಗೊತ್ತುಮಾಡಿಕೊಂಡರೆ, ಅದೇ ದಿನ ಮೂರು ಪ್ರತಿಗಳನ್ನೂ ತೆರೆದು ಓದಿಸಿ ನೋಡುವುದಕ್ಕೆ ಶ್ರೀಮಠದ ಇಬ್ಬರು ವಿದ್ಯಾರ್ಥಿಗಳು ಸಾಕು.